ಅಲಗನ್ನಲ್ಲ, ಹಿಡಿಯನ್ನು ನೋಡಿ

ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಠಾರಿಯೊಂದರ ಮುಂದೆ ನಿಂತಾಗ ಕಣ್ಣು ಮೊದಲು ಅಲಗಿನತ್ತ ಹೋಗುತ್ತದೆ. ಎಷ್ಟು ಉದ್ದ, ಎಷ್ಟು ಹರಿತ, ಕೆತ್ತನೆ ಹೇಗಿದೆ ಎಂದು ನೋಡಿ ಮುಂದೆ ಸಾಗುತ್ತೇವೆ. ಆದರೆ ಆ ಆಯುಧವನ್ನು ಎಂಥವರ ಮೇಲೆ, ಎಷ್ಟು ಹತ್ತಿರದಿಂದ ಬಳಸುತ್ತಿದ್ದರು ಎಂದು ತಿಳಿಯಬೇಕಾದರೆ ಅದರ ಹಿಡಿಯನ್ನು ನೋಡಬೇಕು. ಕೈ ಎಲ್ಲಿ ಕೂರುತ್ತಿತ್ತು, ಬಲ ಎಲ್ಲಿಂದ ಬರುತ್ತಿತ್ತು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ.

ಸಾಮಾನ್ಯ ಚೂರಿಯನ್ನು ಮುಷ್ಟಿಯಲ್ಲಿ ಹಿಡಿಯಲು ಮುಖ್ಯವಾಗಿ ಎರಡೇ ದಾರಿ. ಮೊನೆ ಹೆಬ್ಬೆರಳಿನ ಕಡೆಯಿಂದ ಹೊರಚಾಚಬೇಕು, ಇಲ್ಲವೇ ಕಿರುಬೆರಳಿನ ಕಡೆಯಿಂದ. ತರಕಾರಿ ಹೆಚ್ಚುವಾಗ ನಾವೆಲ್ಲ ಹಿಡಿಯುವುದು ಮೊದಲನೆಯ ರೀತಿಯಲ್ಲಿ. ತೋಳಿನ ಉದ್ದಕ್ಕೆ ಅಲಗಿನ ಉದ್ದವೂ ಸೇರುತ್ತದೆ, ಮಣಿಕಟ್ಟು ಸಲೀಸಾಗಿ ತಿರುಗುತ್ತದೆ, ಕೊಯ್ಯುವುದಕ್ಕೂ ತಿವಿಯುವುದಕ್ಕೂ ಒದಗುತ್ತದೆ. ಎರಡನೆಯ ಹಿಡಿತದಲ್ಲಿ ಕೈ ಅಷ್ಟು ದೂರ ಮುಟ್ಟುವುದಿಲ್ಲ, ಎದುರಾಳಿ ಮೈಗೆ ಮೈ ತಾಗುವಷ್ಟು ಹತ್ತಿರ ಇರಬೇಕು. ಆದರೆ ಮೇಲಿಂದ ಇಳಿಯುವ ಏಟಿಗೆ ಭುಜ ಮತ್ತು ಬೆನ್ನಿನ ಬಲ ಪೂರ್ತಿಯಾಗಿ ಸಿಗುತ್ತದೆ. ದೂರ ಮುಖ್ಯವೋ ಬಲ ಮುಖ್ಯವೋ ಎಂಬುದನ್ನು ಯೋಧರ ಕಾಲದಲ್ಲಿ ನಿರ್ಧರಿಸುತ್ತಿದ್ದದ್ದು ಎದುರಿಗಿದ್ದವನು ತೊಟ್ಟ ಉಡುಪು.

ಯುರೋಪಿನ ರಾಂಡೆಲ್ ಬಾಕುವನ್ನೇ ನೋಡಿ. 14ನೇ ಶತಮಾನದ ಕೊನೆಯಿಂದ ಮುಂದಕ್ಕೆ ಅಲ್ಲಿನ ಕುದುರೆ ಸವಾರರು ಅಡಿಯಿಂದ ಮುಡಿಯವರೆಗೆ ಉಕ್ಕಿನ ತಗಡು ತೊಡುತ್ತಿದ್ದರು. ಅಂಥವರನ್ನು ಕೊಯ್ಯಲಾಗದು. ಕಂಕುಳಲ್ಲೋ ಮುಖಕವಚದ ಸಂದಿನಲ್ಲೋ ಮೊನೆ ತೂರಿಸಬೇಕು, ಅದಕ್ಕೆ ಮೈಯ ಭಾರವೆಲ್ಲ ಬೇಕು. ಹಾಗಾಗಿ ಈ ಬಾಕುವಿನ ಅಲಗು ಬಾಗದ ಗಟ್ಟಿ ಸರಳು. ಹಿಡಿಯ ಎರಡೂ ತುದಿಯಲ್ಲಿ ಒಂದೊಂದು ಬಿಲ್ಲೆ. ಕಬ್ಬಿಣದ ಕೈಗವಸು ತೊಟ್ಟ ಮುಷ್ಟಿ ಆ ಬಿಲ್ಲೆಗಳ ನಡುವೆ ಸಿಕ್ಕಿ ಕೂರುತ್ತದೆ, ಎಷ್ಟೇ ಬಲ ಹಾಕಿದರೂ ಜಾರುವುದಿಲ್ಲ. ಇಟಲಿಯ ಕತ್ತಿವರಸೆ ಗುರು ಫಿಯೋರೆ ದೇಯ್ ಲಿಬೆರಿ 1410ರ ಸುಮಾರಿಗೆ ಬರೆದ ಸಚಿತ್ರ ಗ್ರಂಥದಲ್ಲಿ ಬಾಕು ಹಿಡಿದವರನ್ನು ಹೆಚ್ಚಾಗಿ ಕಾಣುವುದು ಮೊನೆ ಕೆಳಗಾದ ಹಿಡಿತದಲ್ಲೇ. ಇಂದಿನವರಿಗೆ ಒರಟೆನಿಸುವ ಈ ಹಿಡಿತ ಆ ಕವಚದ ಎದುರು ತೀರಾ ಸಮಂಜಸವಾಗಿತ್ತು.

ಇದೇ ಪ್ರಶ್ನೆಗೆ ದಕ್ಷಿಣ ಭಾರತ ಕೊಟ್ಟ ಉತ್ತರ ನನಗೆ ಇನ್ನೂ ದೊಡ್ಡದೆನಿಸುತ್ತದೆ. ವಿಜಯನಗರದ ಕಾಲದ ಕಠಾರಿಯಲ್ಲಿ ಹಿಡಿಯನ್ನೇ ಅಡ್ಡಕ್ಕೆ ತಿರುಗಿಸಲಾಗಿದೆ. ಎರಡು ಕಬ್ಬಿಣದ ಪಟ್ಟಿಗಳು ಮುಂಗೈಯ ಇಕ್ಕೆಲದಲ್ಲಿ ಹಿಂದಕ್ಕೆ ಚಾಚುತ್ತವೆ. ಅವುಗಳ ನಡುವೆ ಅಡ್ಡಸರಳು. ಆ ಸರಳನ್ನು ಮುಷ್ಟಿಯಲ್ಲಿ ಹಿಡಿದರೆ ಅಲಗು ಬೆರಳ ಗೆಣ್ಣುಗಳ ಮುಂದೆ ನೇರವಾಗಿ ನಿಲ್ಲುತ್ತದೆ. ಇನ್ನು ಬೇರೆ ವರಸೆ ಬೇಕಿಲ್ಲ, ಗುದ್ದಿದರೆ ಅದೇ ತಿವಿತ. ತೋಳು, ಮಣಿಕಟ್ಟು, ಮೊನೆ ಮೂರೂ ಒಂದೇ ಗೆರೆಯಲ್ಲಿರುವುದರಿಂದ ಬಲ ಎಲ್ಲೂ ಸೋರಿಹೋಗುವುದಿಲ್ಲ. ಮಣಿಕಟ್ಟು ಉಳುಕದಂತೆ ಪಕ್ಕದ ಪಟ್ಟಿಗಳು ತಡೆಯುತ್ತವೆ. ಉಕ್ಕಿನ ಬಳೆಗಳನ್ನು ಹೆಣೆದು ಮಾಡಿದ ಕವಚವನ್ನು ಬಿಡಿಸಲೆಂದು ಹಲವು ಕಠಾರಿಗಳ ಮೊನೆಯನ್ನು ದಪ್ಪಗೆ ಬಡಿದಿರುತ್ತಾರೆ. ದಕ್ಷಿಣದ ಹಳೆಯ ಮಾದರಿಗಳಲ್ಲಿ ಕೈಯ ಹೊರಬದಿಗೆ ಎಲೆಯಾಕಾರದ ರಕ್ಷೆಯೂ ಇದೆ. ತಂಜಾವೂರಿನ ಅರಮನೆಯ ಆಯುಧಶಾಲೆಯಿಂದ 19ನೇ ಶತಮಾನದಲ್ಲಿ ಚದುರಿದ ಇಂಥ ಕಠಾರಿಗಳು ಈಗ ಚೆನ್ನೈನ ಎಗ್ಮೋರ್ ಸಂಗ್ರಹಾಲಯದಲ್ಲೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲೂ ಇವೆ. ಕೆಲವಕ್ಕೆ ಯುರೋಪಿನಿಂದ ಬಂದ ಅಲಗು ಜೋಡಿಸಿದ್ದಾರೆ. ಅಲಗು ಎಲ್ಲಿಯದಾದರೂ ನಡೆಯುತ್ತಿತ್ತು, ಹಿಡಿ ಮಾತ್ರ ನಮ್ಮದೇ ಆಗಬೇಕಿತ್ತು.

ಕಠಾರಿಗೂ ಕೊರತೆಯುಂಟು. ಬೀಸಿ ಕೊಯ್ಯಲು ಅದು ಅಷ್ಟಾಗಿ ಒದಗದು, ಹಿಡಿತ ಬದಲಿಸಲಂತೂ ಸಾಧ್ಯವೇ ಇಲ್ಲ. ಒಂದೇ ಕೆಲಸಕ್ಕಾಗಿ ಉಳಿದೆಲ್ಲವನ್ನೂ ಬಿಟ್ಟುಕೊಟ್ಟ ಆಯುಧ ಅದು. ಬೇರೆ ಕೆಲಸಕ್ಕೆ ಬೇರೆ ಹಿಡಿ ಬೇಕು. ಕೊಡಗಿನಲ್ಲಿ ಇದು ಇಂದಿಗೂ ಕಣ್ಣೆದುರಿಗಿದೆ. ಬೆನ್ನ ಹಿಂದೆ ತೊಡಂಗ್ ಎಂಬ ಕೊಂಡಿಗೆ ಸಿಕ್ಕಿಸುವ ಅಗಲದ ಒಡಿಕತ್ತಿ ಕಡಿಯಲಿಕ್ಕೆ. ಮುಷ್ಟಿ ತುಂಬ ಹಿಡಿದು ಭಾರದಿಂದ ಬೀಸುವಂಥದ್ದು. ಮದುವೆಯಲ್ಲಿ ಬಾಳೆ ಕಡಿಯುವುದು ಆ ಬೀಸಿನಿಂದಲೇ. ಚೇಲೆ ಎಂಬ ನಡುಪಟ್ಟಿಯಲ್ಲಿ ಸಿಕ್ಕಿಸುವ ಪೀಚೆಕತ್ತಿ ಚಿಕ್ಕದು, ಕೈಗೆ ತಕ್ಷಣ ಸಿಗುವಂತೆ ನಡುವಿನ ಮುಂಭಾಗದಲ್ಲಿರುತ್ತದೆ. ಸುಮಾತ್ರದ ಮಿನಾಂಗ್‌ಕಬಾವು ಜನರ ಕೆರಂಬಿಟ್ ಕುಡುಗೋಲಿನಂತೆ ಬಾಗಿದ್ದು, ಹಿಡಿಯ ತುದಿಯ ಬಳೆಯೊಳಗೆ ಬೆರಳು ತೂರಿಸಿದರೆ ಕೈಯಿಂದ ಕಿತ್ತುಕೊಳ್ಳುವುದು ಕಷ್ಟ. ಎರಡನೆಯ ಮಹಾಯುದ್ಧದ ಬ್ರಿಟಿಷ್ ಕಮಾಂಡೊಗಳಿಗಾಗಿ ಫೇರ್‌ಬೇರ್ನ್ ಮತ್ತು ಸೈಕ್ಸ್ 1940ರಲ್ಲಿ ರೂಪಿಸಿದ ಚೂರಿಯಲ್ಲಿ ಕವಚದ ಚಿಂತೆಯೇ ಇಲ್ಲ, ಎದುರಿಗಿದ್ದದ್ದು ಬಟ್ಟೆಯ ಸಮವಸ್ತ್ರ. ಹಾಗಾಗಿ ಅದರ ಹಿಡಿ ತೆಳು, ಹೆಬ್ಬೆರಳು ತೋರುಬೆರಳುಗಳ ನಡುವೆ ಹಗುರವಾಗಿ ಕೂರುವಂಥದ್ದು.

ಇವೆಲ್ಲದರ ಪಕ್ಕದಲ್ಲಿ ನಮ್ಮ ಅಡುಗೆಮನೆಯ ಚಾಕುವನ್ನಿಟ್ಟು ನೋಡಿ. ಅದಕ್ಕೆ ಬಿಲ್ಲೆಯಿಲ್ಲ, ಅಡ್ಡಸರಳಿಲ್ಲ, ಬಳೆಯಿಲ್ಲ. ಅದರಿಂದ ತಿವಿಯಲು ಹೋದವರ ಕೈ ಮುಂದಕ್ಕೆ ಜಾರಿ ಅವರದೇ ಬೆರಳುಗಳು ಕೊಯ್ದುಹೋಗುವುದುಂಟು. ಅಪರಾಧಗಳ ತನಿಖೆಯಲ್ಲಿ ವಿಧಿವಿಜ್ಞಾನ ವೈದ್ಯರು ಆರೋಪಿಯ ಅಂಗೈಯನ್ನೂ ಪರೀಕ್ಷಿಸಲು ಇದೊಂದು ಕಾರಣ.

ಯಾವ ಹಿಡಿತ ಶ್ರೇಷ್ಠ ಎಂದು ಕೇಳುವ ಹುಡುಗರಿಗೆ ಕೊಡಬೇಕಾದ ಉತ್ತರವೂ ಇದರಲ್ಲಿದೆ. ಮೊಬೈಲಿನ ರೀಲ್‌ಗಳಲ್ಲಿ, ಸಿನಿಮಾಗಳಲ್ಲಿ ಚೂರಿಯನ್ನು ಬೆರಳ ನಡುವೆ ತಿರುಗಿಸಿ ಹಿಡಿತ ಬದಲಿಸುವುದನ್ನು ಪರಿಣತಿಯೆಂದು ತೋರಿಸುತ್ತಾರೆ. ಆಯುಧ ಕೈಯಿಂದ ಜಾರದಿರಲಿ ಎಂದು ಶತಮಾನಗಳ ಕಾಲ ಕಮ್ಮಾರರು ಪಟ್ಟ ಶ್ರಮದ ಮುಂದೆ ಅದು ಪೊಳ್ಳು ಪ್ರದರ್ಶನ. ಬಲ್ಲವರು ಕಲಿಸಿದ್ದೇ ಬೇರೆ. ಫಿಯೋರೆಯ ಬಾಕುವಿನ ಅಧ್ಯಾಯದಲ್ಲಿ ಬಹುಪಾಲು ಚಿತ್ರಗಳು ತೋರಿಸುವುದು ಬಾಕು ಹಿಡಿದವನ ತೋಳನ್ನು ತಡೆಯುವ, ಆಯುಧ ಕಿತ್ತುಕೊಳ್ಳುವ ಬಗೆಯನ್ನು. ಕಳರಿಪಯಟ್ಟಿನಲ್ಲಿ ಮೈಪಳಗಿದ ಮೇಲೆ ಕೋಲು, ಕೋಲಿನ ನಂತರ ಲೋಹದ ಆಯುಧ. ಬರಿಗೈ ವರಸೆ ಬರುವುದು ಕೊನೆಯಲ್ಲಿ. ಆಯುಧದ ಎದುರು ಬರಿಗೈಯಲ್ಲಿ ನಿಲ್ಲುವುದು ಎಷ್ಟು ಕಠಿಣವೆಂದು ಆ ಗುರುಗಳಿಗೆ ಗೊತ್ತಿತ್ತು.

ಅಂದಚಂದಕ್ಕೆಂದು ಕಠಾರಿ ಕೊಳ್ಳುವವರು ಕಾನೂನನ್ನೂ ತಿಳಿದಿರಬೇಕು. ಮನೆಬಳಕೆ, ಕೃಷಿ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದ್ದನ್ನು ಬಿಟ್ಟರೆ, 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಳ್ಳ ಚೂರಿಗಳು ನಮ್ಮಲ್ಲಿ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಗೆ ಸೇರುತ್ತವೆ. ಇನ್ನು ಬೀದಿಯಲ್ಲಿ ಯಾರಾದರೂ ಚಾಕು ತೋರಿಸಿದರೆ ಅವನ ಹಿಡಿತ ಯಾವುದೆಂದು ನೋಡುತ್ತ ನಿಲ್ಲಬೇಡಿ. ಕೇಳಿದ್ದನ್ನು ಕೊಟ್ಟು ದೂರ ಓಡಿ, 112ಕ್ಕೆ ಕರೆ ಮಾಡಿ.