ಮೀಟರಿನ ಕೆಂಪು ಚುಕ್ಕೆಯ ಲೆಕ್ಕ

ವಿದ್ಯುತ್ ಬಿಲ್ಲು ಬಂದ ದಿನ ಬಹಳಷ್ಟು ಮನೆಗಳಲ್ಲಿ ಒಂದು ಸಣ್ಣ ಪಂಚಾಯ್ತಿ ನಡೆಯುತ್ತದೆ. ಅದರಲ್ಲಿ ಕಟಕಟೆ ಹತ್ತುವವರು ಸಾಮಾನ್ಯವಾಗಿ ರಾತ್ರಿ ಹನ್ನೊಂದರವರೆಗೆ ದೀಪ ಹಾಕಿಕೊಂಡು ಓದುವ ಮಕ್ಕಳು. "ಹೀಗೆ ಲೈಟು ಉರಿಸಿದರೆ ಬಿಲ್ಲು ಬರದೆ ಇನ್ನೇನು ಬರುತ್ತೆ?" ಎಂದು ಅಪ್ಪ ಗದರುತ್ತಾರೆ. ಗದರಿದ ಅಪ್ಪ ಮರುದಿನ ಬೆಳಿಗ್ಗೆ ಗೀಸರಿನ ಸ್ವಿಚ್ಚು ಹಾಕಿ, ಕಾಫಿ ಕುಡಿಯುತ್ತ ಪೇಪರು ಓದಿ, ಮುಕ್ಕಾಲು ಗಂಟೆ ಬಿಟ್ಟು ಸ್ನಾನಕ್ಕೆ ಏಳುತ್ತಾರೆ. ಅದು ಪಂಚಾಯ್ತಿಯ ಗಮನಕ್ಕೆ ಬರುವುದಿಲ್ಲ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ಕರ್ನಾಟಕದ ಅನೇಕ ಮನೆಗಳ ಬಿಲ್ಲಿನಲ್ಲಿ ಹಣದ ಜಾಗದಲ್ಲಿ ಸೊನ್ನೆ ಕಾಣತೊಡಗಿತು, ನಿಜ. ಆದರೆ ಯೂನಿಟ್ಟಿನ ಜಾಗದಲ್ಲಿ ಸೊನ್ನೆ ಬರಲಿಲ್ಲವಲ್ಲ. ಆ ಯೂನಿಟ್ಟುಗಳನ್ನು ತಿಂದವರು ಯಾರು?

ಸಾಕ್ಷಿ ಹೇಳಲು ಮನೆಯ ಹೊರಗೋಡೆಯಲ್ಲಿ ಮೀಟರು ಇದೆ. ಹಿಂದಿನ ಮೀಟರುಗಳಲ್ಲಿ ಒಂದು ಅಲ್ಯೂಮಿನಿಯಂ ತಟ್ಟೆ ತಿರುಗುತ್ತಿತ್ತು. ಅಂಚಿನಲ್ಲಿದ್ದ ಬಣ್ಣದ ಗುರುತು ಎದುರಿಗೆ ಬಂದಾಗಲೆಲ್ಲ ಒಂದು ಸುತ್ತು ಎಂದು ಎಣಿಸಬಹುದಿತ್ತು. ಈಗಿನ ಎಲೆಕ್ಟ್ರಾನಿಕ್ ಮೀಟರಿನಲ್ಲಿ ತಟ್ಟೆಯಿಲ್ಲ. ಅದರ ಬದಲು ಒಂದು ಕೆಂಪು ಚುಕ್ಕೆ ಮಿನುಗುತ್ತಿರುತ್ತದೆ. ಬಹುಪಾಲು ಜನ ಅದನ್ನು ಮೀಟರು ಕೆಲಸ ಮಾಡುತ್ತಿದೆ ಎಂಬ ಸೂಚನೆ ಎಂದಷ್ಟೇ ತಿಳಿದಿದ್ದಾರೆ. ವಾಸ್ತವವಾಗಿ ಅದು ಎಣಿಕೆ. ಮೀಟರಿನ ಮುಖದ ಮೇಲೆ ಸಣ್ಣ ಅಕ್ಷರದಲ್ಲಿ 3200 ಎಂದೋ 1600 ಎಂದೋ ಒಂದು ಸಂಖ್ಯೆ ಮತ್ತು ಅದರ ಪಕ್ಕದಲ್ಲಿ 'ಇಂಪಲ್ಸ್ ಪರ್ ಕಿಲೋವ್ಯಾಟ್ ಅವರ್' ಎಂಬುದರ ಸಂಕ್ಷಿಪ್ತ ರೂಪ ಇರುತ್ತದೆ. 3200 ಎಂದಿದ್ದರೆ ಚುಕ್ಕೆ 3200 ಸಲ ಮಿನುಗಿದಾಗ ಒಂದು ಯೂನಿಟ್ ಆಯಿತು ಎಂದರ್ಥ.

ಯೂನಿಟ್ ಎಂದರೆ ಒಂದು ಕಿಲೋವ್ಯಾಟ್ ಅವರ್. 1000 ವ್ಯಾಟ್ ಸಾಮರ್ಥ್ಯದ ಉಪಕರಣ ಒಂದು ಗಂಟೆ ನಡೆದರೆ ಬಳಸುವ ಶಕ್ತಿ. ಬ್ರಿಟನ್ನಿನಲ್ಲಿ ವ್ಯಾಪಾರ ವ್ಯವಹಾರ ನೋಡಿಕೊಳ್ಳುತ್ತಿದ್ದ ಬೋರ್ಡ್ ಆಫ್ ಟ್ರೇಡ್ ಎಂಬ ಸರ್ಕಾರಿ ಇಲಾಖೆಯ ಹೆಸರಿನಲ್ಲಿ ಇದನ್ನು 'ಬೋರ್ಡ್ ಆಫ್ ಟ್ರೇಡ್ ಯೂನಿಟ್' ಎನ್ನುತ್ತಿದ್ದರು. ಉದ್ದದ ಹೆಸರು ಉದುರಿಹೋಗಿ ಬಾಲ ಮಾತ್ರ ನಮ್ಮ ಬಿಲ್ಲಿನಲ್ಲಿ ಉಳಿದಿದೆ. ಪಠ್ಯಪುಸ್ತಕದ ಜೂಲ್‌ಗಳಲ್ಲಿ ಹೇಳುವುದಾದರೆ ಒಂದು ಯೂನಿಟ್ ಎಂದರೆ 1000 ವ್ಯಾಟ್ ಗುಣಿಸು 3600 ಸೆಕೆಂಡ್, ಅಂದರೆ 36 ಲಕ್ಷ ಜೂಲ್. ಇದನ್ನು 3200ರಿಂದ ಭಾಗಿಸಿ. ಒಂದು ಮಿನುಗಿಗೆ 1125 ಜೂಲ್ ಬರುತ್ತದೆ.

1125 ಜೂಲ್ ಎಂದರೆ ಎಷ್ಟು? ಪರೀಕ್ಷೆಯಲ್ಲಿ ಬರೆಯುವುದು ಸುಲಭ, ಅಂದಾಜಿಗೆ ಸಿಗುವುದು ಕಷ್ಟ. ಹೀಗೆ ಯೋಚಿಸಿ: 25 ಅಡಿ ಆಳದ ಬಾವಿಯಿಂದ 15 ಲೀಟರಿನ ಒಂದು ತುಂಬಿದ ಬಕೆಟ್ ನೀರನ್ನು ಸೇದಬೇಕು. ನೀರಿನ ತೂಕ 15 ಕಿಲೋಗ್ರಾಂ, ಗುರುತ್ವ ವೇಗೋತ್ಕರ್ಷ 9.8, ಎತ್ತರ ಸುಮಾರು 7.6 ಮೀಟರ್. ಮೂರನ್ನೂ ಗುಣಿಸಿದರೆ 1120ರ ಹತ್ತಿರ ಹತ್ತಿರ. ಅಂದರೆ ಮೀಟರಿನ ಚುಕ್ಕೆ ಒಂದು ಸಲ ಮಿನುಗಿದರೆ ಯಾರೋ ಹಿತ್ತಲಿನ ಬಾವಿಯಿಂದ ಒಂದು ಬಕೆಟ್ ನೀರು ಸೇದಿ ಕಟ್ಟೆಯ ಮೇಲಿಟ್ಟಷ್ಟು ಕೆಲಸವಾಯಿತು. ಒಂದು ಯೂನಿಟ್ ಎಂದರೆ 3200 ಬಕೆಟ್. ಬಾವಿಯಿಂದ ನೀರು ಸೇದಿ ಬೆಳೆದ ಅಜ್ಜಿಯರನ್ನು ಕೇಳಿದರೆ, ಇಷ್ಟನ್ನು ಸೇದಿಕೊಡಲು ಎಷ್ಟು ದಿನ ಬೇಕು, ಅದಕ್ಕೆ ಎಷ್ಟು ಕೂಲಿ ಕೇಳಬಹುದು ಎಂದು ಹೇಳಿಯಾರು. ವಿದ್ಯುತ್ ಕಂಪನಿ ಅದನ್ನು ಹತ್ತು ರೂಪಾಯಿಯೊಳಗೆ ಕೊಡುತ್ತದೆ.

ಇನ್ನು ಮನೆಯವರನ್ನೆಲ್ಲ ಒಪ್ಪಿಸಿ ಹತ್ತು ನಿಮಿಷದ ಪ್ರಯೋಗ ಮಾಡಬಹುದು. ಮೊದಲು ಎಲ್ಲ ಸ್ವಿಚ್ಚುಗಳನ್ನೂ ಆರಿಸಿ. ಫ್ರಿಜ್ಜು, ಟೀವಿಯ ಪೆಟ್ಟಿಗೆ, ಮೊಬೈಲ್ ಚಾರ್ಜರು ಯಾವುದನ್ನೂ ಮರೆಯಬೇಡಿ. ಬಳಿಕ ಒಂದೊಂದೇ ಉಪಕರಣ ಹಾಕಿ, ಎರಡು ಮಿನುಗುಗಳ ನಡುವಿನ ಸೆಕೆಂಡುಗಳನ್ನು ಗಡಿಯಾರ ಹಿಡಿದು ನೋಡಿ. 1125ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಉಪಕರಣದ ವ್ಯಾಟ್ ಸಿಗುತ್ತದೆ. ಮೀಟರಿನ ಮೇಲೆ 3200 ಬಿಟ್ಟು ಬೇರೆ ಸಂಖ್ಯೆಯಿದ್ದರೆ 36 ಲಕ್ಷವನ್ನು ಆ ಸಂಖ್ಯೆಯಿಂದ ಭಾಗಿಸಿ ಹೊಸ ಲೆಕ್ಕ ಹಿಡಿಯಿರಿ. ನೋಡುವುದು ಮಾತ್ರ, ಮೀಟರಿನ ಸೀಲನ್ನಾಗಲೀ ತಂತಿಯನ್ನಾಗಲೀ ಮುಟ್ಟುವ ಅಗತ್ಯವೇ ಇಲ್ಲ.

75 ವ್ಯಾಟಿನ ಹಳೆಯ ಫ್ಯಾನು 15 ಸೆಕೆಂಡಿಗೊಮ್ಮೆ ಮಿನುಗಿಸುತ್ತದೆ. 60 ವ್ಯಾಟಿನ ಹಳೆಯ ಬುರುಡೆ ದೀಪ 19 ಸೆಕೆಂಡಿಗೊಮ್ಮೆ. ಮಗಳು ಓದುವ ಕೋಣೆಯ 9 ವ್ಯಾಟ್ ಎಲ್‌ಇಡಿ ದೀಪ ಹಾಕಿ ಕಾಯುತ್ತ ನಿಂತರೆ ಮೀಟರು ಕೆಟ್ಟಿದೆಯೇನೋ ಎಂಬ ಅನುಮಾನ ಬರುತ್ತದೆ. ಎರಡು ನಿಮಿಷ ಐದು ಸೆಕೆಂಡಿಗೆ ಒಂದು ಮಿನುಗು! ಈಗ 2000 ವ್ಯಾಟಿನ ಗೀಸರ್ ಹಾಕಿ. ಎಣಿಸಲು ತಡವರಿಸುವಂತಾಗುತ್ತದೆ. ಸೆಕೆಂಡಿಗೆ ಹೆಚ್ಚುಕಡಿಮೆ ಎರಡು.

ಸ್ನಾನದ ನೀರಿನ ಲೆಕ್ಕವನ್ನು ಪೂರ್ತಿ ಮಾಡಿಯೇ ನೋಡೋಣ. ಒಂದು ಕಿಲೋಗ್ರಾಂ ನೀರಿನ ಉಷ್ಣತೆ ಒಂದು ಡಿಗ್ರಿ ಏರಲು ಸುಮಾರು 4200 ಜೂಲ್ ಬೇಕು. 15 ಲೀಟರಿನ ಅದೇ ಬಕೆಟ್ಟನ್ನು 25 ಡಿಗ್ರಿ ಏರಿಸಲು 15 ಗುಣಿಸು 4200 ಗುಣಿಸು 25, ಅಂದರೆ 15,75,000 ಜೂಲ್. ಮಿನುಗಿನಲ್ಲಿ ಇದು 1400. ಬಕೆಟ್ಟನ್ನು ಬಾವಿಯಿಂದ ಮೇಲೆತ್ತಲು ಒಂದು ಮಿನುಗು ಸಾಕಾಗಿತ್ತು. ಪಂಪಿನಲ್ಲಿ ಆಗುವ ನಷ್ಟ ಸೇರಿಸಿದರೂ ಎರಡೋ ಮೂರೋ. ಅದೇ ನೀರನ್ನು ಮೈಗೆ ಹಿತವಾಗುವಷ್ಟು ಬೆಚ್ಚಗೆ ಮಾಡಲು 1400! ಮಗಳು ನಾಲ್ಕು ಗಂಟೆ ಓದಿದರೆ ಆಗುವುದು 115 ಮಿನುಗು. ಒಂದು ಬಕೆಟ್ ಬಿಸಿನೀರಿನ ಶಕ್ತಿಯಲ್ಲಿ ಹನ್ನೆರಡು ರಾತ್ರಿ ಓದಬಹುದು. ಓದುವ ದೀಪದ ಮೇಲೆ ಅಪ್ಪ ಪ್ರಯೋಗಿಸಿದ್ದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂದೇ ಹೇಳಬೇಕು. ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುವುದು ತಪ್ಪೇ, ಅದು ಬೇರೆ ಮಾತು.

ಎತ್ತುವ ಕೆಲಸಕ್ಕೂ ಕಾಯಿಸುವ ಕೆಲಸಕ್ಕೂ ಇರುವ ಈ ಅಗಾಧ ಅಂತರವನ್ನು ಮೊದಲು ಚೆನ್ನಾಗಿ ಅಳೆದವನು ಜೇಮ್ಸ್ ಪ್ರೆಸ್ಕಾಟ್ ಜೂಲ್. 1818ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಸಾಲ್ಫರ್ಡ್‌ನಲ್ಲಿ ಬಿಯರ್ ತಯಾರಿಸುವ ಮನೆತನದಲ್ಲಿ ಹುಟ್ಟಿದ ಆತ, 1840ರ ದಶಕದಲ್ಲಿ ತೂಕದ ಕಲ್ಲುಗಳನ್ನು ಕೆಳಕ್ಕಿಳಿಬಿಟ್ಟು, ಅವು ಇಳಿಯುವಾಗ ನೀರಿನೊಳಗೆ ಹುಟ್ಟುಗಳು ತಿರುಗುವಂತೆ ಮಾಡಿ, ಕಡೆದ ನೀರು ಎಷ್ಟು ಬಿಸಿಯಾಯಿತೆಂದು ಸೂಕ್ಷ್ಮ ಉಷ್ಣತಾಮಾಪಕದಲ್ಲಿ ನೋಡುತ್ತಿದ್ದ. ಏರಿಕೆ ಡಿಗ್ರಿಯ ಅತಿ ಸಣ್ಣ ಭಾಗ. ಜಲಪಾತದ ತಲೆಗಿಂತ ಬುಡದಲ್ಲಿ ನೀರು ತುಸು ಬೆಚ್ಚಗಿರಬೇಕೆಂಬುದೂ ಅವನ ವಾದವಾಗಿತ್ತು. ನಮ್ಮ ಜೋಗಕ್ಕೆ ಈ ಲೆಕ್ಕ ಹಾಕಿದರೆ, 253 ಮೀಟರ್ ಎತ್ತರದಿಂದ ಧುಮುಕಿದ ನೀರಿನ ಶಕ್ತಿಯೆಲ್ಲ ಅದರಲ್ಲೇ ಶಾಖವಾಗಿ ಉಳಿದರೂ ಉಷ್ಣತೆ ಏರುವುದು 0.6 ಡಿಗ್ರಿ ಮಾತ್ರ. ಅಷ್ಟೆಲ್ಲ ಆರ್ಭಟದ ಫಲ ಇಷ್ಟು! 25 ಡಿಗ್ರಿ ಏರಬೇಕಾದರೆ ನೀರು ಹತ್ತು ಕಿಲೋಮೀಟರಿಗೂ ಹೆಚ್ಚು ಎತ್ತರದಿಂದ ಬೀಳಬೇಕು. ಎವರೆಸ್ಟ್ ಶಿಖರದ ಎತ್ತರ 9 ಕಿಲೋಮೀಟರೂ ಇಲ್ಲ.

ಶಾಖ ದುಬಾರಿ ಎಂಬ ಈ ಒಂದು ಮಾತು ಗೊತ್ತಿದ್ದರೆ ಮನೆಯ ಉಪಕರಣಗಳನ್ನು ಬೇರೆ ಕಣ್ಣಿನಿಂದ ನೋಡಬಹುದು. ಇಸ್ತ್ರಿ ಪೆಟ್ಟಿಗೆ, ಇಂಡಕ್ಷನ್ ಒಲೆ, ನೀರು ಕಾಯಿಸುವ ರಾಡು, ಗೀಸರ್ ಇವೆಲ್ಲ ಒಂದು ಜಾತಿ. ದೀಪ, ಫ್ಯಾನು, ರೇಡಿಯೋ ಇನ್ನೊಂದು ಜಾತಿ. ಗೀಸರನ್ನು ಆರಿಸಿ ಹಾಕುವುದಕ್ಕಿಂತ ದಿನವಿಡೀ ಹಾಕಿಯೇ ಇಟ್ಟರೆ ಉಳಿತಾಯ ಎಂಬ ನಂಬಿಕೆ ಕೆಲವರಲ್ಲಿದೆ. ಬಿಸಿ ವಸ್ತು ಸುತ್ತಲಿನ ಗಾಳಿಗಿಂತ ಎಷ್ಟು ಬಿಸಿಯೋ ಅಷ್ಟು ವೇಗವಾಗಿ ಶಾಖ ಕಳೆದುಕೊಳ್ಳುತ್ತದೆ ಎಂದು ನ್ಯೂಟನ್ನನ ತಂಪಾಗುವಿಕೆಯ ನಿಯಮ ಹೇಳುತ್ತದೆ. ಇಡೀ ದಿನ ನೀರನ್ನು ಬಿಸಿಯಾಗಿಡುವುದೆಂದರೆ ಇಡೀ ದಿನ ಬಚ್ಚಲುಮನೆಯ ಗಾಳಿಯನ್ನು ಕಾಯಿಸುತ್ತ ಕೂತ ಹಾಗೆ. ರಾಯಚೂರಿನಂಥ ಶಾಖೋತ್ಪನ್ನ ಸ್ಥಾವರದಲ್ಲಿ ಕಲ್ಲಿದ್ದಲಿನ ಶಾಖದಲ್ಲಿ ವಿದ್ಯುತ್ತಾಗುವುದೇ ಸುಮಾರು ಮೂರನೆಯ ಒಂದು ಭಾಗ. ಅದನ್ನು ಊರೂರು ದಾಟಿಸಿ ತಂದು ಮತ್ತೆ ಶಾಖ ಮಾಡುವುದಕ್ಕಿಂತ, ತಾರಸಿಯ ಮೇಲೆ ಪುಕ್ಕಟೆ ಬೀಳುವ ಬಿಸಿಲಿನಲ್ಲಿ ನೀರು ಕಾಯಿಸುವುದು ಜಾಣತನ. ಮಲೆನಾಡಿನ ಹಂಡೆಯೊಲೆಯ ಹಿಂದೆಯೂ ಇಂಥದೇ ವಿವೇಕವಿತ್ತು, ಹೊಗೆಯೊಂದನ್ನು ಬಿಟ್ಟರೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಬಿಡಿಸಿಕೊಳ್ಳಬೇಕು. "ಕರೆಂಟು ಖರ್ಚಾಯಿತು" ಎಂದು ಎಲ್ಲರೂ ಹೇಳುತ್ತಾರೆ. ಹತ್ತನೆಯ ತರಗತಿಯ ಉತ್ತರ ಪತ್ರಿಕೆಗಳಲ್ಲೂ ದೀಪದೊಳಗೆ ಹೋದ ವಿದ್ಯುತ್ ಪ್ರವಾಹಕ್ಕಿಂತ ಹೊರಬಂದದ್ದು ಕಡಿಮೆ ಎಂದು ಬರೆಯುವವರಿದ್ದಾರೆ. ಇದು ಸರಿಯಲ್ಲ. ಫೇಸ್ ತಂತಿಯಲ್ಲಿ ಎಷ್ಟು ಆಂಪಿಯರ್ ಇದೆಯೋ ನ್ಯೂಟ್ರಲ್ ತಂತಿಯಲ್ಲೂ ಅಷ್ಟೇ. ನೀರಿನ ಗಿರಣಿಯ ಚಕ್ರವನ್ನು ತಿರುಗಿಸಿದ ಹಳ್ಳದ ನೀರು ಅಷ್ಟಕ್ಕಷ್ಟೂ ಮುಂದೆ ಹರಿದುಹೋಗುತ್ತದೆ, ಖರ್ಚಾಗುವುದು ಅದರ ಎತ್ತರ. ಇಲ್ಲಿಯೂ ಖರ್ಚಾಗುವುದು ಶಕ್ತಿ, ಎಲೆಕ್ಟ್ರಾನುಗಳಲ್ಲ. ಮನೆಗೆ ಬರುವುದು ಸೆಕೆಂಡಿಗೆ 50 ಆವರ್ತನೆಗಳ ಪರ್ಯಾಯ ಪ್ರವಾಹವಾದ್ದರಿಂದ ಎಲೆಕ್ಟ್ರಾನುಗಳು ತಂತಿಯೊಳಗೆ ಇದ್ದಲ್ಲೇ ಹಿಂದಕ್ಕೂ ಮುಂದಕ್ಕೂ ತೂಗುತ್ತವೆ. ಸಾಧಾರಣ ತಂತಿಯಲ್ಲಿ ಒಂದು ಆಂಪಿಯರ್ ಹರಿಯುವಾಗ ಆ ತೂಗಾಟ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟೂ ಇಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದು ವಿದ್ಯುತ್ ಕಳಿಸಿದಾಗಲೂ, ಕಾವೇರಿ ತೀರದ ಒಂದು ಎಲೆಕ್ಟ್ರಾನೂ ಕೋಲಾರ ತಲುಪಲಿಲ್ಲ. ತಲುಪಿದ್ದು ಶಕ್ತಿ.

ಹೋದಷ್ಟೇ ಬರಬೇಕು ಎಂಬ ಈ ನಿಯಮ ಪರೀಕ್ಷೆಯ ಎರಡು ಅಂಕಕ್ಕಷ್ಟೇ ಸೀಮಿತವಲ್ಲ, ಪ್ರಾಣ ಉಳಿಸುವ ನಿಯಮವೂ ಹೌದು. ಹೋದದ್ದಕ್ಕಿಂತ ಬಂದದ್ದು ಕಡಿಮೆಯಾದರೆ, ಉಳಿದದ್ದು ಬೇರೆಲ್ಲೋ ದಾರಿ ಮಾಡಿಕೊಂಡಿದೆ. ಆ ದಾರಿ ತೇವದ ಗೋಡೆ ಇರಬಹುದು, ಒದ್ದೆ ನೆಲದ ಮೇಲೆ ನಿಂತ ಮಗುವೂ ಇರಬಹುದು. ಆರ್‌ಸಿಸಿಬಿ ಎಂಬ ರಕ್ಷಣಾ ಸ್ವಿಚ್ಚು ಎರಡೂ ತಂತಿಗಳ ಪ್ರವಾಹವನ್ನು ಸದಾ ಹೋಲಿಸುತ್ತಿರುತ್ತದೆ. ಮನೆಗಳಲ್ಲಿ ಹಾಕುವ ಮಾದರಿಯಲ್ಲಿ ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವಷ್ಟರಲ್ಲಿ ಅದು ಸಂಪರ್ಕ ಕಡಿದುಹಾಕುತ್ತದೆ. "ನಮ್ಮನೇಲಿ ಎಂಸಿಬಿ ಇದೆಯಲ್ಲ" ಎಂದು ಬಹಳ ಜನ ನಿಶ್ಚಿಂತರಾಗಿದ್ದಾರೆ. 16 ಆಂಪಿಯರಿನ ಎಂಸಿಬಿ ಎಂದರೆ 16,000 ಮಿಲಿಆಂಪಿಯರ್. ಮನುಷ್ಯನ ಎದೆಯ ಮೂಲಕ ಹಾಯ್ದರೆ ಕೆಲವೇ ಹತ್ತು ಮಿಲಿಆಂಪಿಯರ್ ಪ್ರಾಣಾಪಾಯ ತರಬಲ್ಲದು. ಅಷ್ಟು ಹರಿದರೆ ಎಂಸಿಬಿಗೆ ಗೊತ್ತೇ ಆಗುವುದಿಲ್ಲ. ಅದು ಇರುವುದು ತಂತಿ ಸುಡದಂತೆ ಕಾಯಲು, ಮನುಷ್ಯನನ್ನು ಕಾಯಲು ಅಲ್ಲ. ಆರ್‌ಸಿಸಿಬಿಗೂ ಒಂದು ಮಿತಿಯಿದೆ. ಒಂದು ಕೈ ಫೇಸ್, ಇನ್ನೊಂದು ಕೈ ನ್ಯೂಟ್ರಲ್ ಹಿಡಿದು, ಕಾಲು ನೆಲಕ್ಕೆ ತಾಗದಂತಿದ್ದರೆ ಅದು ಆ ವ್ಯಕ್ತಿಯನ್ನೂ ಒಂದು ದೀಪವೆಂದೇ ಭಾವಿಸುತ್ತದೆ.

ಅರ್ಥ್ ತಂತಿಯನ್ನೂ ಇದರ ಜೊತೆಗೇ ನೋಡಬೇಕು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ನು ಉಳಿದೆರಡಕ್ಕಿಂತ ದಪ್ಪ ಮತ್ತು ಉದ್ದ. ಉದ್ದವಿರುವುದರಿಂದ ಪ್ಲಗ್ಗು ಹಾಕುವಾಗ ಅರ್ಥ್ ಮೊದಲು ಸೇರುತ್ತದೆ, ತೆಗೆಯುವಾಗ ಕೊನೆಗೆ ಬಿಡುತ್ತದೆ. ಆ ಪಿನ್ನನ್ನು ಮುರಿದು, ಎರಡು ತೂತಿನ ಸಾಕೆಟ್ಟಿಗೆ ತುರುಕುವವರಿದ್ದಾರೆ. ಗೀಸರಿನ ಕಾಯಿಲ್ ಸವೆದು ಒಳಗಿನ ತಂತಿ ನೀರಿಗೆ ತಾಗಿದ ದಿನ, ಸೋರಿದ ಪ್ರವಾಹಕ್ಕೆ ಹೋಗಲು ಅರ್ಥ್ ತಂತಿ ಇಲ್ಲದಿದ್ದರೆ ಅದು ನಲ್ಲಿ ಹಿಡಿದ ಕೈಗಾಗಿ ಕಾಯುತ್ತದೆ. ಗೀಸರನ್ನು ಆರಿಸಿಯೇ ಸ್ನಾನಕ್ಕಿಳಿಯುವುದು, ಬಕೆಟ್ಟಿನಲ್ಲಿಟ್ಟ ರಾಡಿನ ಪ್ಲಗ್ಗು ಕಿತ್ತ ಮೇಲಷ್ಟೇ ನೀರು ಬಿಸಿಯಾಗಿದೆಯೇ ಎಂದು ಕೈ ಅದ್ದುವುದು, ಇವೆರಡನ್ನು ಮಕ್ಕಳಿಗೆ ಹಲ್ಲುಜ್ಜುವಷ್ಟೇ ರೂಢಿ ಮಾಡಿಸಬೇಕು. ಆರ್‌ಸಿಸಿಬಿ ಇರುವ ಮನೆಯವರು ಅದರ ಮೇಲಿನ 'ಟೆಸ್ಟ್' ಗುಂಡಿಯನ್ನು ಆಗಾಗ ಒತ್ತಿ, ಅದು ಕೆಳಗೆ ಬೀಳುತ್ತದೆಯೇ ಎಂದು ನೋಡಬೇಕು. ಇಲ್ಲದವರು ಮುಂದಿನ ಸಲ ಎಲೆಕ್ಟ್ರಿಷಿಯನ್ ಬಂದಾಗ ಕೇಳುವ ಮೊದಲ ಪ್ರಶ್ನೆ ಅದೇ ಆಗಲಿ.

ಮೀಟರಿನ ಪ್ರಯೋಗದಲ್ಲಿ ಎಲ್ಲವನ್ನೂ ಆರಿಸಿದ ಮೇಲೂ ಚುಕ್ಕೆ ನಿಧಾನವಾಗಿ ಮಿನುಗುತ್ತಿದ್ದರೆ ಮೊದಲು ಮನೆ ಹುಡುಕಿ. ರಿಮೋಟಿನಿಂದ ಆರಿಸಿದ ಟೀವಿ, ಅದರ ಸೆಟ್‌ಟಾಪ್ ಪೆಟ್ಟಿಗೆ ನಿಜವಾಗಿ ಆರಿರುವುದಿಲ್ಲ. ಹತ್ತು ವ್ಯಾಟ್ ಹೀಗೆ ಸುಮ್ಮನೆ ಹರಿಯುತ್ತಿದ್ದರೆ ತಿಂಗಳಿಗೆ ಏಳು ಯೂನಿಟ್. ಅವೂ ಇಲ್ಲವೆಂದಾದರೆ ಗೋಡೆಯೊಳಗಿನ ವೈರಿಂಗಿನಲ್ಲಿ ಸೋರಿಕೆ ಇರಬಹುದು. ಆಗ ಪ್ರಯೋಗ ನಿಲ್ಲಿಸಿ ತಿಳಿದವರನ್ನು ಕರೆಸುವುದು ಒಳ್ಳೆಯದು.

ಈ ವಾರದ ಲೆಕ್ಕ ಇದು. 750 ವ್ಯಾಟಿನ ಮಿಕ್ಸಿ ಐದು ನಿಮಿಷ ನಡೆದರೆ ಎಷ್ಟು ಮಿನುಗು? ಎಷ್ಟು ಬಕೆಟ್ ಸೇದಿದಂತೆ? ಉತ್ತರ ಸಿಕ್ಕಿದ ಮೇಲೆ ಜಾರಿನ ಹಿಟ್ಟಿಗೆ ಶುದ್ಧವಾದ ಚಮಚ ಅದ್ದಿ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಜೂಲ್ ಹುಟ್ಟು ತಿರುಗಿಸಿ ಕಂಡದ್ದೇ ಅಲ್ಲಿಯೂ ನಡೆದಿದೆ. ಗ್ರೈಂಡರಿನಲ್ಲಿ ರುಬ್ಬಿದ ದೋಸೆ ಹಿಟ್ಟು ಅಷ್ಟು ಬಿಸಿಯಾಗುವುದಿಲ್ಲವೇಕೆ ಎಂಬುದನ್ನು ಮನೆಯಲ್ಲಿ ಹಿಟ್ಟು ರುಬ್ಬುವವರನ್ನೇ ಕೇಳಿ. ಅವರ ಉತ್ತರವನ್ನು ಬರೆದಿಟ್ಟುಕೊಂಡು, ಬಳಿಕ ಎರಡೂ ಯಂತ್ರಗಳ ಮಿನುಗು ಎಣಿಸಿ.