ಮೋಟಾರಿನ ಮೂಗು

ಗೃಹಸ್ಥರು ಓದುವ ಈ ಪತ್ರಿಕೆಯಲ್ಲಿ ಮೋಟಾರಿನ ಇಂಜಿನ್ನಿಗೆ ಏನು ಕೆಲಸವೆಂದು ವಾಚಕರು ಹುಬ್ಬೇರಿಸಬಹುದು. ಆದರೆ ಹಿಂದೆ ಕೊಟ್ಟಿಗೆಯಲ್ಲಿ ಎತ್ತುಗಳು ನಿಲ್ಲುತ್ತಿದ್ದ ಎಡೆಯಲ್ಲಿ ಇಂದು ಗೂಡ್ಸ್ ಗಾಡಿಯೋ ಕಾರೋ ನಿಂತಿರುವುದು. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು, ಚಿಂತಾಮಣಿಯ ಮಂಡಿಗೆ ಟೊಮೇಟೊ, ಗೌರಿಬಿದನೂರಿನಿಂದ ಮೆಕ್ಕೆಜೋಳ, ಚಿಕ್ಕಬಳ್ಳಾಪುರದಿಂದ ಹೂವು ಮತ್ತು ದ್ರಾಕ್ಷಿ, ಇವೆಲ್ಲವೂ ಅದರ ಬೆನ್ನೇರಿಯೇ ಸಾಗತಕ್ಕವು. ಮನೆಯ ಅನ್ನವು ಯಾವುದರಿಂದ ಹುಟ್ಟುವುದೋ ಅದರ ಆರೋಗ್ಯವನ್ನು ಯಜಮಾನನು ಅಷ್ಟಿಷ್ಟಾದರೂ ಬಲ್ಲವನಾಗಿರಬೇಕಲ್ಲವೆ?

ಈಚೆಗೆ ನಮ್ಮ ಊರುಗಳ ತರುಣರಲ್ಲಿ ಒಂದು ಚಪಲವನ್ನು ಕಾಣುತ್ತಿದ್ದೇವೆ. ಕಂಪೆನಿಯವರು ಬಾನೆಟ್ಟಿನೊಳಗೆ ಕೂರಿಸಿರುವ ಕಪ್ಪು ಡಬ್ಬಿಯನ್ನೂ ಅದರೊಳಗಣ ಕಾಗದದ ಏರ್ ಫಿಲ್ಟರನ್ನೂ ಕಿತ್ತು, ಅಂಗಡಿಯಿಂದ ತಂದ ಶಂಕುವಿನಾಕಾರದ ತೆರೆದ ಫಿಲ್ಟರನ್ನು ಹೊಳೆಯುವ ಕೊಳವೆಯೊಡನೆ ಅಳವಡಿಸುವರು. ಗಾಳಿ ಧಾರಾಳವಾಗಿ ಬರುವುದು, ಶಕ್ತಿ ಹೆಚ್ಚುವುದು, ಗರ್ಜನೆ ಗಂಭೀರವಾಗುವುದು ಎಂಬುದು ಅವರ ವಾದ. ಗರ್ಜನೆಯ ಮಾತು ನಿಜ. ಉಳಿದ ಎರಡನ್ನು ವಿಚಾರ ಮಾಡಿ ನೋಡೋಣ.

ಇಂಜಿನ್ನು ಕುಡಿಯುವುದು ಎಣ್ಣೆಯನ್ನೆಂದು ನಾವು ತಿಳಿಯುವೆವು. ವಾಸ್ತವವಾಗಿ ಅದು ಸೇವಿಸುವುದರಲ್ಲಿ ಗಾಳಿಯೇ ಬಹುಪಾಲು. ತೂಕದಲ್ಲಿ ಒಂದು ಪಾಲು ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು ಹದಿನೈದು ಪಾಲು ಗಾಳಿ ಬೇಕು. ಅಂದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 11 ಕಿಲೋಗ್ರಾಂ ಗಾಳಿ. ನಮ್ಮ ಸೀಮೆಯು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿ ಕೊಂಚ ತೆಳುವು. ಇಲ್ಲಿ ಅಷ್ಟು ತೂಕದ ಗಾಳಿಯು ಸುಮಾರು 10,000 ಲೀಟರಾಗುವುದು. ಇಷ್ಟು ಗಾಳಿಯೊಡನೆ ಎಷ್ಟು ಧೂಳು ಬರಬಹುದೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ.

ನಮ್ಮ ಧೂಳಾದರೂ ಸಾಮಾನ್ಯವಾದುದೆ? 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಈ ಜಿಲ್ಲೆಯಲ್ಲಿ ವರ್ಷವೆಲ್ಲ ಹರಿಯುವ ನದಿ ಒಂದೂ ಇಲ್ಲ. ಬೇಸಗೆಯಲ್ಲಿ ಹಿಪ್ಪುನೇರಳೆ ತೋಟಗಳ ನಡುವಣ ಮಣ್ಣುದಾರಿಯಲ್ಲಿ ಒಂದು ಟ್ರಾಕ್ಟರು ಹೋದರೆ ಹಿಂದಿನವನಿಗೆ ದಾರಿಯೇ ಕಾಣದು. ಅದರ ಮೇಲೆ ಕಲ್ಲುಕ್ವಾರಿ, ಜಲ್ಲಿ ಕ್ರಷರುಗಳ ಪುಡಿ. ಗ್ರಾನೈಟು ಕಲ್ಲಿನಲ್ಲಿ ಬೆರೆತಿರುವ ಬೆಣಚು, ಎಂದರೆ ಸ್ಫಟಿಕದ ಕಣವು, ಕಬ್ಬಿಣಕ್ಕಿಂತಲೂ ಕಠಿಣವಾದುದು. ಅದು ಸಿಲಿಂಡರಿಗೂ ಪಿಸ್ಟನ್ನಿನ ಉಂಗುರಗಳಿಗೂ ನಡುವೆ ಸೇರಿತೆಂದರೆ ಸಾಣೆಕಲ್ಲಿನಂತೆ ಉಜ್ಜುತ್ತಲೇ ಇರುವುದು. ಮೊದಲು ಎಣ್ಣೆ ಸುಡುವುದು, ಆಮೇಲೆ ನೀಲಿ ಹೊಗೆ, ಕೊನೆಗೆ ಗ್ಯಾರೇಜಿನವನ ಬಾಯಿಂದ ‘ಇಂಜಿನ್ ಬೋರಿಗೆ ಬಂದಿದೆ’ ಎಂಬ ಮಾತು. ಅಂದು ಹೋಗುವುದು ಹಣ ಮಾತ್ರವಲ್ಲ. ಗೂಡು ಹಣ್ಣಾಗಿ ಮಾರುಕಟ್ಟೆಗೆ ಸಾಗಬೇಕಾದ ವಾರದಲ್ಲಿ ಗಾಡಿ ಗ್ಯಾರೇಜಿನಲ್ಲಿ ಮಲಗಿರುವುದು.

ನಾವು ವ್ಯಾಕರಣ ಓದಿದವರು. ಆದುದರಿಂದ ಅಲ್ಲಿಯ ಒಂದು ಮಾತನ್ನು ಇಲ್ಲಿ ತರುವುದಕ್ಕೆ ವಾಚಕರು ಕ್ಷಮಿಸಬೇಕು. ಪದದೊಳಗೆ ಹೊಸ ಅಕ್ಷರವು ಬರುವ ರೀತಿ ಎರಡು. ಇದ್ದುದನ್ನು ಕೆಡಿಸದೆ ಪಕ್ಕದಲ್ಲಿ ಬಂದು ಕೂತರೆ ಆಗಮ. ಇದ್ದುದನ್ನು ಎಬ್ಬಿಸಿ ಅದರ ಸ್ಥಾನದಲ್ಲಿ ಕೂತರೆ ಆದೇಶ. ಶಾಸ್ತ್ರಜ್ಞರು ಮೊದಲನೆಯದನ್ನು ಮಿತ್ರನಿಗೂ ಎರಡನೆಯದನ್ನು ಶತ್ರುವಿಗೂ ಹೋಲಿಸುವರು. ಆದರೂ ಆದೇಶವು ತಾನು ಎಬ್ಬಿಸಿದುದರ ಧರ್ಮವನ್ನು ತಾನೇ ಹೊರಬೇಕೆಂಬ ನಿಯಮವೂ ಅಲ್ಲಿ ಉಂಟು. ಇದನ್ನೇ ಮೋಟಾರಿಗೆ ಅನ್ವಯಿಸಿ ನೋಡಿರಿ. ಹಳೆಯ ಫಿಲ್ಟರಿನ ಧರ್ಮವು ಗಾಳಿಯನ್ನು ಬಿಡುವುದಷ್ಟೇ ಅಲ್ಲ, ಧೂಳನ್ನು ತಡೆಯುವುದು. ಹೊಸದು ಎಷ್ಟನ್ನು ಒಳಗೆ ಬಿಡುತ್ತದೆ ಎಂದು ಕೇಳುವುದಕ್ಕೆ ಮೊದಲು, ಎಷ್ಟನ್ನು ಹೊರಗೆ ನಿಲ್ಲಿಸುತ್ತದೆ ಎಂದು ಕೇಳತಕ್ಕದ್ದು.

ಇಂಜಿನ್ನಿನ ಗಾಳಿದಾರಿಗೆ ಹೊರಗಿನ ವಸ್ತುವನ್ನು ಜೋಡಿಸುವುದು ನಮ್ಮ ನಾಡಿಗೆ ಹೊಸತೇನಲ್ಲ. 1939ರಿಂದ 1945ರವರೆಗೆ ನಡೆದ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಅಭಾವವೊದಗಿದಾಗ ಮೈಸೂರು ಸೀಮೆಯ ಬಸ್ಸುಗಳು ಇದ್ದಲಿನಿಂದ ಓಡಿದುವು. ಬಸ್ಸಿನ ಹಿಂಬದಿಗೆ ಒಂದು ಒಲೆ. ಅದರಲ್ಲಿ ಇದ್ದಲು ಅರೆಬರೆ ಉರಿದು ಹುಟ್ಟಿದ ಅನಿಲವು ಕೊಳವೆಯಲ್ಲಿ ಬಂದು, ಗಾಳಿಯೊಡನೆ ಬೆರೆತು ಇಂಜಿನ್ನಿನ ಬಾಯಿಗೆ ಸೇರುತ್ತಿದ್ದಿತು. ಶಕ್ತಿಯಲ್ಲಿ ಮೂರನೆಯ ಒಂದು ಪಾಲೋ ಇನ್ನೂ ಹೆಚ್ಚೋ ನಷ್ಟ. ದಿಣ್ಣೆ ಬಂದರೆ ಪ್ರಯಾಣಿಕರು ಇಳಿದು ನೂಕುತ್ತಿದ್ದರೆಂದು ಹಿರಿಯರು ನಗುತ್ತ ಹೇಳುತ್ತಿದ್ದುದನ್ನು ನಾವು ಕೇಳಿದ್ದೇವೆ. ಆದರೆ ಆ ಕಾಲದವರು ಒಂದು ವಿಷಯದಲ್ಲಿ ಮಾತ್ರ ಜಿಪುಣತನ ಮಾಡುವಂತಿರಲಿಲ್ಲ. ಒಲೆಗೂ ಇಂಜಿನ್ನಿಗೂ ನಡುವೆ ಅನಿಲವನ್ನು ತಣಿಸುವ, ಬೂದಿಯನ್ನೂ ಮಸಿಯನ್ನೂ ಸೋಸುವ ಪಾತ್ರೆಗಳು ಇರಲೇಬೇಕಾಗಿತ್ತು. ಅವು ಕೆಟ್ಟರೆ ಇಂಜಿನ್ನು ಸವೆದಂತೆಯೇ. ಗತಿಯಿಲ್ಲದೆ ಜೋಡಿಸಿದ ಆ ಕಾಲದಲ್ಲಿಯೂ ಶೋಧನೆಯನ್ನು ಬಿಡಲಿಲ್ಲವೆಂದ ಮೇಲೆ, ಬರಿಯ ಆಸೆಗಾಗಿ ಜೋಡಿಸುವ ನಾವು ಬಿಡಬಹುದೆ?

ಇನ್ನು ಶಕ್ತಿಯ ಮಾತು. ಕಂಪೆನಿಯ ಡಬ್ಬಿಗೆ ಸಾಮಾನ್ಯವಾಗಿ ಮುಂಭಾಗದಿಂದ ತಂಪಾದ ಗಾಳಿ ಬರುವಂತೆ ದಾರಿಯಿರುವುದು. ತೆರೆದ ಫಿಲ್ಟರಾದರೋ ಬಾನೆಟ್ಟಿನೊಳಗಣ ಬಿಸಿಗಾಳಿಯನ್ನೇ ಎಳೆಯುವುದು. ಹೊರಗೆ 30 ಡಿಗ್ರಿ ಸೆಲ್ಸಿಯಸ್ಸಿರುವಾಗ ಒಳಗೆ 60 ಡಿಗ್ರಿಯಿದ್ದರೆ, ಅದೇ ಅಳತೆಯ ಗಾಳಿಯ ತೂಕವು ನೂರಕ್ಕೆ ಸುಮಾರು 9ರಷ್ಟು ಕಡಮೆ. ಹೆಚ್ಚಲೆಂದು ಹಣ ಕೊಟ್ಟ ಶಕ್ತಿಯು ಕುಗ್ಗಿದರೆ ಆಶ್ಚರ್ಯವೇನು? ಕೆಲವು ಹತ್ತಿಬಟ್ಟೆಯ ಫಿಲ್ಟರುಗಳಿಗೆ ಎಣ್ಣೆ ಸವರಬೇಕು. ಅದು ಹೆಚ್ಚಾದರೆ ಗಾಳಿಯನ್ನು ಅಳೆಯುವ ಸೆನ್ಸಾರಿಗೆ ಅಂಟಿ, ಲೆಕ್ಕ ತಪ್ಪುವುದು. ಕೊಳವೆಯ ಬಾಯಿ ತಗ್ಗಿನಲ್ಲಿದ್ದರೆ ಮಳೆಗಾಲದಲ್ಲಿ ರೈಲ್ವೆ ಸೇತುವೆಯ ಕೆಳಗೆ ನಿಂತ ನೀರನ್ನೇ ಹೀರಿ, ಪಿಸ್ಟನ್ನಿನ ದಂಡವು ಬಾಗುವ ಅಪಾಯವುಂಟು.

ಕಾನೂನನ್ನೂ ಮರೆಯಬಾರದು. 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಅನುಮತಿಯಿಲ್ಲದ ರೀತಿಯಲ್ಲಿ ಬಿಡಿಭಾಗಗಳನ್ನು ಜೋಡಿಸಿ ವಾಹನವನ್ನು ಮಾರ್ಪಡಿಸುವ ಮಾಲೀಕನಿಗೆ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡೂ ಆಗಬಹುದು. ಚಿಕ್ಕಬಳ್ಳಾಪುರದಲ್ಲಿಯೂ ಚಿಂತಾಮಣಿಯಲ್ಲಿಯೂ ಸಾರಿಗೆ ಕಛೇರಿಗಳಿವೆ. ಅಂಗಡಿಗೆ ಹೋಗುವ ಮುನ್ನ ಅಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ. ಗ್ಯಾರಂಟಿಯ ಅವಧಿ ಮುಗಿಯದಿದ್ದರೆ ಆ ಕಾಗದವನ್ನೂ ಒಮ್ಮೆ ಓದತಕ್ಕದ್ದು.

ಹಾಗಾದರೆ ಮಗನು ಆಸೆಪಟ್ಟು ಕೇಳಿದರೆ ಗದರಿಸಬೇಕೆ? ಬೇಡ. ಯಂತ್ರದ ಮೇಲಿನ ಪ್ರೀತಿ ಒಳ್ಳೆಯದು. ಅದಕ್ಕೆ ವಿವೇಕದ ದಾರಿ ತೋರಿಸಿದರೆ ಸಾಕು. ಡಬ್ಬಿಯನ್ನು ಹಾಗೆಯೇ ಉಳಿಸಿ, ಅದರೊಳಗೆ ಸರಿಯಾಗಿ ಕೂರುವ ಒಳ್ಳೆಯ ಫಿಲ್ಟರನ್ನು ಹಾಕಿಸಿರಿ. ನಮ್ಮ ಧೂಳಿನಲ್ಲಿ ಓಡುವ ಗಾಡಿಗೆ ಪುಸ್ತಕದಲ್ಲಿ ಬರೆದ ಅವಧಿಗಿಂತ ಮೊದಲೇ ಅದನ್ನು ಬದಲಾಯಿಸಿರಿ. ಕಾಗದದ ಫಿಲ್ಟರಿಗೆ ಕಂಪ್ರೆಸರಿನ ಗಾಳಿಯನ್ನು ರಭಸವಾಗಿ ಊದಿಸಬೇಡಿರಿ. ಕಾಗದ ಹರಿದರೆ ಫಿಲ್ಟರು ಇದ್ದೂ ಇಲ್ಲದಂತೆ. ಈಗಾಗಲೇ ಹೊಸತನ್ನು ಜೋಡಿಸಿದ್ದಾಗಿದ್ದರೆ, ಬರುವ ಭಾನುವಾರ ತಂದೆಮಕ್ಕಳಿಬ್ಬರೂ ಇಂಜಿನ್ನು ತಣ್ಣಗಿರುವಾಗ ಬಾನೆಟ್ಟನ್ನು ತೆಗೆಯಿರಿ. ಕೊಳವೆಯ ಪಟ್ಟಿಗಳು ಬಿಗಿಯಾಗಿವೆಯೆ ನೋಡಿ, ಫಿಲ್ಟರನ್ನು ಬಿಚ್ಚಿ, ಅದರಿಂದಾಚೆ ಇಂಜಿನ್ನಿನ ಕಡೆಗಿರುವ ಕೊಳವೆಯ ಒಳಮೈಯನ್ನು ಒಗೆದ ಬಿಳಿಯ ಬಟ್ಟೆಯಿಂದ ಒರೆಸಿರಿ. ಬಟ್ಟೆ ಬೆಳ್ಳಗಿದ್ದರೆ ಸಂತೋಷ. ಕೆಂಪಾದರೆ ಹಳೆಯ ಡಬ್ಬಿಯನ್ನು ಅಟ್ಟದಿಂದ ಇಳಿಸಿ ಮೊದಲಿನಂತೆ ಕೂರಿಸಿರಿ.