ಶರತ್ಕಾಲದ ಕಡಲನ್ನು ನಂಬಬಹುದೆ?

ಆಶ್ವಯುಜ, ಕಾರ್ತಿಕ ಮಾಸಗಳಲ್ಲಿ ಮುಂಗಾರಿನ ಆರ್ಭಟವಡಗಿ ಅರಬ್ಬೀ ಸಮುದ್ರವು ಪ್ರಶಾಂತವಾಗಿ ತೋರಿದರೂ, ಅದರ ಒಡಲಿನ ಉಷ್ಣವೇ ಚಂಡಮಾರುತಕ್ಕೆ ಆಹಾರವಾಗುವುದೆಂಬುದನ್ನು 2019ರ ಅಕ್ಟೋಬರಿನ ‘ಕ್ಯಾರ್’ ನಮ್ಮ ಕರಾವಳಿಗೆ ಮನಗಾಣಿಸಿತು. ಬಂದರಿನ ಸ್ತಂಭದಲ್ಲಿ ಬಿರುಗಾಳಿಯ ಎಚ್ಚರಿಕೆಯಾದ ಮೂರನೆಯ ಸಂಖ್ಯೆಯ ಸಂಕೇತವನ್ನೇರಿಸಿದರೆ ದಡದಲ್ಲಿರುವವನು ದೋಣಿಯನ್ನು ಮೇಲಕ್ಕೆಳೆದು ಹಗ್ಗ ಬಿಗಿದಾನು. ಆದರೆ ವಾರದ ಹಿಂದೆಯೇ ಮಂಜುಗಡ್ಡೆ, ಡೀಸೆಲ್, ಅಕ್ಕಿ ತುಂಬಿಕೊಂಡು ಮಲ್ಪೆಯಿಂದ ಆಳಸಮುದ್ರಕ್ಕೆ ತೆರಳಿದ, ಮೊಬೈಲಿನ ಸಂಪರ್ಕವೂ ಎಟುಕದ ಬೋಟಿನವರಿಗೆ ಅದರಿಂದೇನು ಪ್ರಯೋಜನ? 2017ರ ‘ಒಖಿ’ಯಲ್ಲಿ ಕೇರಳ, ತಮಿಳುನಾಡುಗಳ ಮೀನುಗಾರರನೇಕರು ಅಸುನೀಗಿದುದು ಹೀಗೆಯೇ: ಮುನ್ಸೂಚನೆ ಹೊರಡುವ ಮೊದಲೇ ಅವರು ಹೊರಟಿದ್ದರು. ಆದುದರಿಂದ ಉಪಗ್ರಹದ ಮೂಲಕ ಸಂದೇಶ ಪಡೆಯುವ ಯಂತ್ರವನ್ನು ಪ್ರತಿ ಬೋಟಿಗೂ ಸರಕಾರವು ಒದಗಿಸತಕ್ಕದ್ದು. ಪರಿಹಾರಧನದ ಘೋಷಣೆಗೆ ತೋರುವ ತ್ವರೆಯನ್ನು (ಅದರ ವಿತರಣೆಯ ಮಾತು ಬೇರೆ) ಅಳಿವೆಗಳ ಹೂಳೆತ್ತುವುದಕ್ಕೂ ತೋರಿದರೆ, ಆಶ್ರಯವನ್ನರಸಿ ಧಾವಿಸುವ ಬೋಟುಗಳು ಬಂದರಿನ ಬಾಯಲ್ಲೇ ಮರಳಿಗೆ ಸಿಕ್ಕಿ ಒಡೆಯುವುದಾದರೂ ತಪ್ಪೀತು.